ವಾಸನೆ, ಸ್ಪರ್ಶ, ಭಾವನೆ: ಡಿಜಿಟಲ್ ತಂತ್ರಜ್ಞಾನಕ್ಕೆ ಇವು ಎಷ್ಟರ ಮಟ್ಟಿಗೆ ದಕ್ಕಿವೆ?

ಇಂದ್ರಿಯಾಸಕ್ತ (ಚರ್ಚೆಯ ಆರಂಭ)

ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಅಂಕಿಗಳಾಗಿ ಬದಲಿಸಿ, ಎಷ್ಟು ದೂರಕ್ಕೆ ಬೇಕಾದರೂ ಕಳುಹಿಸಿ, ಅಲ್ಲಿ ಮತ್ತೆ ಚಿತ್ರವಾಗಿಯೂ ಧ್ವನಿಯಾಗಿಯೂ ಮೂಡಿಸುವ ವಿದ್ಯೆ ಮನುಷ್ಯನಿಗೆ ಎಂದೋ ಕರಗತವಾಗಿದೆ. ಸ್ಪರ್ಶ, ವಾಸನೆ, ರುಚಿಗಳ ವಿಷಯದಲ್ಲಿ ಮಾತ್ರ ಹಾಗಾಗಿಲ್ಲ. ಪ್ರಯತ್ನಗಳಿಗೇನೂ ಕೊರತೆಯಿರಲಿಲ್ಲ. 1960ರಲ್ಲಿ ಚಿತ್ರಮಂದಿರದ ಆಸನಗಳಿಗೆ ಕೊಳವೆಗಳನ್ನು ಜೋಡಿಸಿ, ದೃಶ್ಯಕ್ಕೆ ತಕ್ಕ ಪರಿಮಳವನ್ನು ಹರಿಸುವ ‘ಸ್ಮೆಲ್-ಓ-ವಿಷನ್’ ಬಂದಿತ್ತು. ಮಾರ್ಟನ್ ಹೈಲಿಗ್ ಅವರು 1962ರಲ್ಲಿ ಪೇಟೆಂಟ್ ಪಡೆದ ‘ಸೆನ್ಸೊರಾಮಾ’ ಯಂತ್ರದಲ್ಲಿ ಮೂರು ಆಯಾಮದ ಚಿತ್ರ, ನಡುಗುವ ಆಸನ, ಮುಖಕ್ಕೆ ಬೀಸುವ ಗಾಳಿ ಮತ್ತು ವಾಸನೆ ಎಲ್ಲವೂ ಒಟ್ಟಿಗೆ ಇದ್ದವು. 1999ರಲ್ಲಿ ಹುಟ್ಟಿದ ಡಿಜಿಸೆಂಟ್ಸ್ ಎಂಬ ಕಂಪನಿಯು 128 ಮೂಲ ವಾಸನೆಗಳನ್ನು ಬೆರೆಸಿ ಬೇಕಾದ ವಾಸನೆಯನ್ನು ಸೃಷ್ಟಿಸುವ ‘ಐಸ್ಮೆಲ್’ ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸಲು ಹೊರಟು, 2001ರಲ್ಲಿ ಬಾಗಿಲು ಮುಚ್ಚಿತು.

ಈ ಹಿನ್ನೆಲೆಯಲ್ಲಿ ನನ್ನ ಪ್ರಶ್ನೆಗಳು ಎರಡು. ತೊಡಕು ನಿಜವಾಗಿ ಎಲ್ಲಿದೆ, ಉಪಕರಣದಲ್ಲೋ ಅಥವಾ ಆ ಇಂದ್ರಿಯಗಳ ಸ್ವಭಾವದಲ್ಲೇ ಇದೆಯೋ? ಮನುಷ್ಯರ ಭಾವನೆಗಳನ್ನೂ ಯಂತ್ರ ಗುರುತಿಸುತ್ತದೆ ಎಂಬ ಹೇಳಿಕೆ ಈಗ ಎಲ್ಲೆಡೆ ಕೇಳಿಬರುತ್ತಿರುವಾಗ, ಅದನ್ನು ಯಾವ ಅರ್ಥದಲ್ಲಿ ಒಪ್ಪಬಹುದು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಗಂಧರಸಾಯನ

ಮೊದಲ ಪ್ರಶ್ನೆಗೆ ವಾಸನೆಯ ಮಟ್ಟಿಗೆ ಉತ್ತರಿಸುತ್ತೇನೆ. ಪರದೆಯ ಮೇಲೆ ಲಕ್ಷಾಂತರ ಬಣ್ಣಗಳು ಕಾಣುವುದಕ್ಕೆ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣಗಳು ಸಾಕಾಗುವುದು, ಬಣ್ಣವನ್ನು ಗ್ರಹಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರೇ ಬಗೆಯವಾಗಿರುವುದರಿಂದ. ಮೂಗಿನ ಲೆಕ್ಕ ಬೇರೆ. ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕಗಳನ್ನು (ರಿಸೆಪ್ಟರ್‌ಗಳನ್ನು) ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಿಸಿದರು. 2004ರ ನೊಬೆಲ್ ಪುರಸ್ಕಾರ ಆ ಕೆಲಸಕ್ಕೆ ಬಂದದ್ದು. ಮನುಷ್ಯನಲ್ಲಿ ಕೆಲಸ ಮಾಡುವ ಇಂತಹ ಗ್ರಾಹಕಗಳು ಸುಮಾರು 400 ಬಗೆಯವು. ಒಂದು ಅಣು ಹಲವು ಗ್ರಾಹಕಗಳನ್ನು ಕೆಣಕುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಸ್ಪಂದಿಸುತ್ತದೆ. ಪ್ರತಿ ವಾಸನೆಯೂ ಹಾರ್ಮೋನಿಯಂನಲ್ಲಿ ಹಲವು ಮನೆಗಳನ್ನು ಒಮ್ಮೆಗೇ ಒತ್ತಿದಂತೆ. ಆದ್ದರಿಂದ ಬಣ್ಣಕ್ಕೆ ಇರುವಂತಹ ‘ಮೂಲ ವಾಸನೆ’ಗಳ ಚಿಕ್ಕ ಪಟ್ಟಿ ಇಲ್ಲವೇ ಇಲ್ಲ. 128 ಪರಿಮಳಗಳ ಪೆಟ್ಟಿಗೆಯ ಆಧಾರವೇ ಅಲ್ಲಿ ಸಡಿಲವಾಗಿತ್ತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಕಾರ್ವೋನ್ ಎಂಬ ಅಣುವಿಗೆ ಎಡಗೈ ಬಲಗೈಗಳಂತೆ ಪರಸ್ಪರ ಕನ್ನಡಿಯ ಬಿಂಬವಾಗಿರುವ ಎರಡು ರೂಪಗಳಿವೆ. ಎರಡರಲ್ಲೂ ಅವೇ ಪರಮಾಣುಗಳು, ಅವೇ ಬಂಧಗಳು. ಆದರೂ ಒಂದು ರೂಪ ಸ್ಪಿಯರ್‌ಮಿಂಟ್ ಪುದೀನದ ವಾಸನೆ ಕೊಟ್ಟರೆ ಇನ್ನೊಂದು ಜೀರಿಗೆಯನ್ನು ಹೋಲುವ ಕ್ಯಾರವೇ ಬೀಜದ ವಾಸನೆ ಕೊಡುತ್ತದೆ. ರಚನೆಯನ್ನು ನೋಡಿ ವಾಸನೆಯನ್ನು ಊಹಿಸುವುದು ರಸಾಯನಶಾಸ್ತ್ರಜ್ಞರಿಗೆ ಇಷ್ಟು ಕಾಲ ಕೈಗೆಟುಕದೆ ಇದ್ದದ್ದು ಇಂತಹ ಕಾರಣಗಳಿಂದಲೇ.

ಇಲ್ಲಿ ಈಚೆಗೆ ನಿಜವಾದ ಮುನ್ನಡೆ ಆಗಿದೆ ಎಂದು ನಾನು ಭಾವಿಸುತ್ತೇನೆ. ಸುಮಾರು 5000 ಅಣುಗಳ ರಚನೆಯನ್ನೂ ಅವುಗಳ ವಾಸನೆಯ ವರ್ಣನೆಯನ್ನೂ ಕಲಿಸಿಕೊಟ್ಟ ಒಂದು ನರಜಾಲ ಮಾದರಿಯ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಕಾರ್ಯಕ್ರಮದ) ಫಲಿತಾಂಶ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಅಣುಗಳ ವಾಸನೆಯನ್ನು ಅದು ಮೊದಲೇ ಬರೆದಿಟ್ಟಿತು. ತರಬೇತಿ ಪಡೆದ ಮನುಷ್ಯರ ತಂಡ ಅವನ್ನೇ ಮೂಸಿ ಅಂಕ ಕೊಟ್ಟಿತು. ಅರ್ಧಕ್ಕಿಂತ ಹೆಚ್ಚು ಅಣುಗಳ ವಿಷಯದಲ್ಲಿ, ತಂಡದ ಸರಾಸರಿ ಅಭಿಪ್ರಾಯಕ್ಕೆ ಆ ತಂಡದ ಸಾಧಾರಣ ಸದಸ್ಯನಿಗಿಂತ ಯಂತ್ರವೇ ಹತ್ತಿರವಿತ್ತು. ಅದೇ ಸಂಶೋಧಕರ ಪೈಕಿ ಕೆಲವರಿರುವ ಓಸ್ಮೋ ಕಂಪನಿಯು 2024ರಲ್ಲಿ ಒಂದು ತಾಜಾ ಪ್ಲಮ್ ಹಣ್ಣಿನ ವಾಸನೆಯನ್ನು ಒಂದೆಡೆ ವಿಶ್ಲೇಷಿಸಿ, ಆ ಮಾಹಿತಿಯಿಂದ ಇನ್ನೊಂದೆಡೆ ಮರುಸೃಷ್ಟಿಸಿದ್ದಾಗಿ ಹೇಳಿತು. ಈ ಕೆಲಸದಲ್ಲಿ ಬಳಕೆಯಾಗುವ ಉಪಕರಣಗಳು ಪ್ರಯೋಗಾಲಯದ ಗಾತ್ರದವು ಎಂಬುದನ್ನು ಮರೆಯಬಾರದು. ಜೊತೆಗೆ, ಚಿತ್ರ ಒಂದು ಕ್ಷಣದಲ್ಲಿ ಅಳಿಸಿಹೋಗುವಂತೆ ವಾಸನೆ ಅಳಿಸಿಹೋಗುವುದಿಲ್ಲ. ಅಣುಗಳು ಕೋಣೆಯಲ್ಲಿ ಉಳಿದು ಮುಂದಿನ ವಾಸನೆಯೊಡನೆ ಬೆರೆಯುತ್ತವೆ. ಹಳೆಯ ಚಿತ್ರಮಂದಿರಗಳನ್ನು ಕಾಡಿದ ಆ ಸಮಸ್ಯೆಗೆ ಗಣಿತದಲ್ಲಿ ಪರಿಹಾರವಿಲ್ಲ.

ಬೆರಳತುದಿ

ಗಂಧರಸಾಯನ ಅವರ ವಿವರಣೆಗೆ ವಂದನೆಗಳು. ಸ್ಪರ್ಶತಂತ್ರಜ್ಞಾನ ನನ್ನ ದಿನನಿತ್ಯದ ಕೆಲಸವಾದ್ದರಿಂದ ಆ ಭಾಗವನ್ನು ನಾನು ಬರೆಯುತ್ತೇನೆ.

ಈಚಿನ ಹಲವು ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ಅನ್ನು ಒತ್ತಿದಾಗ ‘ಟಕ್’ ಎಂದು ಕೆಳಗಿಳಿದಂತೆ ಭಾಸವಾಗುತ್ತದೆ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಒತ್ತಿ ನೋಡಿ: ಏನೂ ಇಲ್ಲ, ಅದು ಬರೀ ಗಟ್ಟಿ ಗಾಜು. ಬೆರಳಿನ ಒತ್ತಡವನ್ನು ಸಂವೇದಕಗಳು ಅಳೆದ ತಕ್ಷಣ ಒಳಗಿನ ವಿದ್ಯುತ್ಕಾಂತ ಗಾಜನ್ನು ಅಡ್ಡಡ್ಡಲಾಗಿ ಕೂದಲೆಳೆಯಷ್ಟು ಅಲುಗಿಸುತ್ತದೆ. ಆ ಅಡ್ಡ ಅಲುಗಾಟವನ್ನು ಮಿದುಳು ಕೆಳಮುಖದ ಚಲನೆಯೆಂದು ಓದಿಕೊಳ್ಳುತ್ತದೆ. ಕೋಟ್ಯಂತರ ಜನರ ಕೈಯಲ್ಲಿರುವ ಸ್ಪರ್ಶದ ಆವಿಷ್ಕಾರ ಇದು, ಮತ್ತು ಇದರ ಗೆಲುವಿಗೆ ಕಾರಣ ಇದು ಸ್ಪರ್ಶವನ್ನು ನಕಲು ಮಾಡಲು ಹೋಗದೆ ಮಿದುಳಿನ ಅಭ್ಯಾಸವನ್ನು ನೆಚ್ಚಿಕೊಂಡದ್ದು.

ಅದಕ್ಕಿಂತ ಮುಂದೆ ಹೋದರೆ ಕಷ್ಟಗಳು ಶುರುವಾಗುತ್ತವೆ. ಚರ್ಮದಲ್ಲಿ ಒತ್ತಡ, ಹಿಗ್ಗುವಿಕೆ, ಕಂಪನ, ಬಿಸಿ, ತಂಪು, ನೋವುಗಳಿಗೆ ಬೇರೆ ಬೇರೆ ಗ್ರಾಹಕಗಳಿವೆ. ಕಂಪನವನ್ನು ಹಿಡಿಯುವ ಪಸಿನಿಯನ್ ಕಣಗಳು ಸೆಕೆಂಡಿಗೆ ಸುಮಾರು 250 ಸಲ ಆಗುವ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುವುದರಿಂದ, ಮೊಬೈಲ್‌ಗಳೂ ಆಟದ ನಿಯಂತ್ರಕಗಳೂ ಹೆಚ್ಚುಕಡಿಮೆ ಅವುಗಳನ್ನೇ ಉದ್ದೇಶಿಸಿ ಮಾತನಾಡುತ್ತವೆ. ಉಳಿದ ಗ್ರಾಹಕಗಳಿಗೆ ಹೇಳಲು ನಮ್ಮಲ್ಲಿ ಇನ್ನೂ ಅಗ್ಗದ, ಚಿಕ್ಕ ಸಾಧನಗಳಿಲ್ಲ. ವೇಗದ ಪ್ರಶ್ನೆಯೂ ಇದೆ. ಚಿತ್ರ ಸೆಕೆಂಡಿಗೆ 60 ಸಲ ಬದಲಾದರೆ ಕಣ್ಣಿಗೆ ಸಾಕು. ಆದರೆ ಕೈಯಲ್ಲಿ ಹಿಡಿದ ಯಾಂತ್ರಿಕ ತೋಳಿನ ಮೂಲಕ ಒಂದು ಕಾಲ್ಪನಿಕ ಗೋಡೆ ಗಟ್ಟಿಯಾಗಿದೆ ಎನಿಸಬೇಕಾದರೆ ಬಲದ ಲೆಕ್ಕವನ್ನು ಸೆಕೆಂಡಿಗೆ 1000 ಸಲ ಹಾಕಬೇಕಾಗುತ್ತದೆ. ಅದು ತಡವಾದರೆ ಗೋಡೆ ಮೆತ್ತಗಾಗುತ್ತದೆ ಅಥವಾ ಕೈ ನಡುಗತೊಡಗುತ್ತದೆ. ದೂರದ ಊರಿಗೆ ಸ್ಪರ್ಶವನ್ನು ಕಳುಹಿಸುವಾಗ ಜಾಲದ ವಿಳಂಬವೇ ದೊಡ್ಡ ಶತ್ರುವಾಗುವುದು ಹೀಗೆ. ನೋಡುವುದೂ ಕೇಳುವುದೂ ಒಂದು ದಿಕ್ಕಿನ ವ್ಯವಹಾರವಾದರೆ, ಮುಟ್ಟುವಾಗ ನಾವು ತಳ್ಳುತ್ತೇವೆ, ವಸ್ತು ಮರಳಿ ತಳ್ಳುತ್ತದೆ.

ಇಷ್ಟಾದರೂ ನನಗೆ ಅತ್ಯಂತ ಮಹತ್ವದ್ದೆನಿಸುವ ಪ್ರಯೋಗ ಚರ್ಮವನ್ನೇ ಬಿಟ್ಟು ನೇರವಾಗಿ ಮಿದುಳಿಗೆ ಹೋದದ್ದು. ಕಾರು ಅಪಘಾತದಲ್ಲಿ ಎದೆಯ ಮೇಲ್ಭಾಗದಿಂದ ಕೆಳಗೆ ಚಲನೆ ಕಳೆದುಕೊಂಡ ನೇಥನ್ ಕೋಪ್‌ಲ್ಯಾಂಡ್ ಅವರ ಮಿದುಳಿನ ಸ್ಪರ್ಶಕೇಂದ್ರದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಸೂಕ್ಷ್ಮ ವಿದ್ಯುದ್ವಾರಗಳನ್ನು ಇರಿಸಿತು. ಯಂತ್ರದ ಕೈಗೆ ತಗುಲಿದ್ದು ಅವರಿಗೆ ತಮ್ಮದೇ ಬೆರಳಿಗೆ ತಗುಲಿದಂತೆ ಅನುಭವಕ್ಕೆ ಬಂತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಸ್ತುಗಳನ್ನು ಎತ್ತಿ ಇಡುವ ಕೆಲಸಕ್ಕೆ ಸ್ಪರ್ಶವಿಲ್ಲದೆ ಮಧ್ಯಮ ಮೌಲ್ಯದಲ್ಲಿ 20.9 ಸೆಕೆಂಡು ಬೇಕಾಗುತ್ತಿದ್ದುದು ಸ್ಪರ್ಶವಿದ್ದಾಗ 10.2 ಸೆಕೆಂಡಿಗೆ ಇಳಿಯಿತು. ಸ್ಪರ್ಶವೆಂಬುದು ಕೈಗೆ ದಾರಿ ತೋರಿಸುವ ಇಂದ್ರಿಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ನಾನು ಕಂಡಿಲ್ಲ.

ನಾಲಿಗೆಯ ಮಾತು

ರುಚಿಯ ಬಗ್ಗೆ ಚಿಕ್ಕದಾಗಿ. ಎರಡು ಬೇರೆ ಲೋಹಗಳನ್ನು ಒಟ್ಟುಗೂಡಿಸಿ ನಾಲಿಗೆಗೆ ತಾಗಿಸಿದರೆ ಒಂದು ವಿಚಿತ್ರ ರುಚಿ ಹುಟ್ಟುತ್ತದೆಂದು 18ನೆಯ ಶತಮಾನದಲ್ಲೇ ಯೋಹಾನ್ ಗಿಯೋರ್ಗ್ ಸುಲ್ಟ್ಸರ್ ದಾಖಲಿಸಿದ್ದರು. ಜಪಾನಿನ ಮೇಜಿ ವಿಶ್ವವಿದ್ಯಾಲಯದ ಹೋಮೆಯ್ ಮಿಯಾಶಿತಾ ಅವರ ತಂಡ ಆ ಹಳೆಯ ಎಳೆಯನ್ನು ಹಿಡಿದು, ಕ್ಷೀಣ ವಿದ್ಯುತ್ತಿನ ತರಂಗರೂಪವನ್ನು ನಿಯಂತ್ರಿಸುವ ಮೂಲಕ ಉಪ್ಪಿನ ಅನುಭವವನ್ನು ಹೆಚ್ಚಿಸುವ ವಿಧಾನವನ್ನು ರೂಪಿಸಿತು; ಕಿರಿನ್ ಕಂಪನಿ 2024ರಲ್ಲಿ ಅದನ್ನು ಚಮಚದ ರೂಪದಲ್ಲಿ ಮಾರುಕಟ್ಟೆಗೆ ತಂದಿತು. ಆಹಾರದಲ್ಲಿ ಈಗಾಗಲೇ ಇರುವ ಸೋಡಿಯಂ ಅಯಾನುಗಳನ್ನು ವಿದ್ಯುತ್ತು ನಾಲಿಗೆಯತ್ತ ಒಟ್ಟುಗೂಡಿಸುತ್ತದೆ. ಇಲ್ಲದ ಉಪ್ಪನ್ನು ಅದು ಸೃಷ್ಟಿಸಲಾರದು. ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ರೋಗಿಗಳಿಗೆ ಇದರ ಬೆಲೆ ಗೊತ್ತು. ಆದರೆ ನಾವು ರುಚಿ ಎನ್ನುವುದರ ಬಹುಪಾಲು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯೇ ಆಗಿರುವುದರಿಂದ, ಮೇಲೆ ಹೇಳಿದ ವಾಸನೆಯ ತೊಡಕು ಬಗೆಹರಿಯದೆ ರುಚಿಯ ಪೂರ್ಣ ಪ್ರಸಾರ ಸಾಧ್ಯವಾಗದು.

ಶ್ರವಣತಜ್ಞೆ

ಇದುವರೆಗಿನ ಬರಹಗಳಲ್ಲಿ ಒಂದು ಮುಖ್ಯ ಸಾಧನದ ಹೆಸರೇ ಬಂದಿಲ್ಲ. ಇಂದ್ರಿಯವನ್ನು ಡಿಜಿಟಲ್ ಆಗಿಸಿದ ಆವಿಷ್ಕಾರಗಳಲ್ಲಿ ಅತಿ ದೊಡ್ಡ ಯಶಸ್ಸು, ಒಳಗಿವಿಯಲ್ಲಿ ಅಳವಡಿಸಿ ಶ್ರವಣ ನರಕ್ಕೆ ವಿದ್ಯುತ್ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್‌ನದ್ದು. ಫ್ರಾನ್ಸಿನ ಜುರ್ನೋ ಮತ್ತು ಐರಿಯೆಸ್ 1957ರಲ್ಲಿ ಶ್ರವಣ ನರವನ್ನು ವಿದ್ಯುತ್ತಿನಿಂದ ನೇರವಾಗಿ ಪ್ರಚೋದಿಸಿ ತೋರಿಸಿದರು. ಅಮೆರಿಕದಲ್ಲಿ ವಿಲಿಯಂ ಹೌಸ್ ಅವರೂ, 1978ರಲ್ಲಿ ಬಹುವಾಹಿನಿಯ (ಹಲವು ವಿದ್ಯುದ್ವಾರಗಳಿರುವ) ಉಪಕರಣವನ್ನು ಅಳವಡಿಸಿದ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರೂ ಅದನ್ನು ಮುಂದುವರಿಸಿದರು. ಆರೋಗ್ಯವಂತ ಒಳಗಿವಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ರೋಮಕೋಶಗಳು ಸುಮಾರು 3500 ಇರುತ್ತವೆ. ಹೆಚ್ಚು ಬಳಕೆಯಲ್ಲಿರುವ ಇಂಪ್ಲಾಂಟ್‌ಗಳಲ್ಲಿ ಒಂದರ ವಿದ್ಯುದ್ವಾರಗಳು 22. ಈ 22ರಿಂದ ಮಾತು ಅರ್ಥವಾಗುತ್ತದೆ, ಫೋನಿನಲ್ಲಿ ಸಂಭಾಷಣೆ ನಡೆಯುತ್ತದೆ ಎಂಬುದು ಈಗಲೂ ಬೆರಗು ಹುಟ್ಟಿಸುವ ಸಂಗತಿ.

ಉಪಕರಣಕ್ಕೆ ಮೊದಲ ಬಾರಿ ಚಾಲನೆ ಕೊಡುವ ದಿನ, ದೊಡ್ಡವರಾದ ಮೇಲೆ ಶ್ರವಣ ಕಳೆದುಕೊಂಡ ಹಲವರಿಗೆ ಕೇಳುವುದು ಮಾತಿನಂತಿರುವುದಿಲ್ಲ. ಚಿಲಿಪಿಲಿ, ಬೀಪ್, ಗೊಗ್ಗರು ಧ್ವನಿ ಎಂದು ಅವರು ವರ್ಣಿಸುತ್ತಾರೆ. ಕೆಲವರ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ಅದೇ ಸಂಕೇತಗಳು ಸ್ವರ ವ್ಯಂಜನಗಳಾಗಿ, ಪರಿಚಿತರ ದನಿಯಾಗಿ ಕೇಳತೊಡಗುತ್ತವೆ. ಆ ಅವಧಿಯಲ್ಲಿ ಉಪಕರಣದ ಹೊಂದಾಣಿಕೆಗಿಂತ ಹೆಚ್ಚಾಗಿ ಬದಲಾಗುವುದು ಮಿದುಳು. ಸಂಗೀತ ಮಾತ್ರ ಬಹಳ ಮಂದಿಗೆ ಕೊನೆಯವರೆಗೂ ಪೂರ್ತಿ ಮರಳುವುದಿಲ್ಲ.

ಇದೇ ಮಾತನ್ನು ಅಮೆರಿಕದ ನರವಿಜ್ಞಾನಿ ಪಾಲ್ ಬಾಕ್-ಇ-ರೀಟಾ 1969ರಲ್ಲಿ ಇನ್ನೊಂದು ರೀತಿಯಲ್ಲಿ ತೋರಿಸಿದ್ದರು. ದಂತವೈದ್ಯರ ಹಳೆಯ ಕುರ್ಚಿಯ ಬೆನ್ನಿಗೆ 400 ಕಂಪಕಗಳನ್ನು ಜೋಡಿಸಿ, ಕ್ಯಾಮೆರಾ ಕಂಡ ಚಿತ್ರವನ್ನು ಅಂಧರ ಬೆನ್ನಿನ ಚರ್ಮದ ಮೇಲೆ ಮೂಡಿಸಿದರು. ಕ್ಯಾಮೆರಾವನ್ನು ಬೇರೆಯವರು ತಿರುಗಿಸುತ್ತಿದ್ದಾಗ ಕುಳಿತವರಿಗೆ ಬೆನ್ನಿನ ಮೇಲೆ ಕಚಗುಳಿಯಷ್ಟೇ ಆಗುತ್ತಿತ್ತು. ಅವರೇ ಅದನ್ನು ಆಡಿಸತೊಡಗಿ ಅಭ್ಯಾಸವಾದ ಮೇಲೆ ವಸ್ತುಗಳು ತಮ್ಮ ಎದುರಿಗೆ, ಹೊರಗಿನ ಜಾಗದಲ್ಲಿ ಇರುವಂತೆ ಅವರಿಗೆ ಗೋಚರಿಸಿದವು. ಒಮ್ಮೆ ಒಬ್ಬರಿಗೆ ತಿಳಿಸದೆ ಕ್ಯಾಮೆರಾದ ಮಸೂರದಿಂದ ದೃಶ್ಯವನ್ನು ಥಟ್ಟನೆ ಹತ್ತಿರಕ್ಕೆ ಎಳೆದಾಗ, ಏನೋ ಮುಖದ ಮೇಲೆ ಎರಗಿ ಬಂದಂತೆ ಅವರು ಕೈಗಳನ್ನೆತ್ತಿ ಹಿಂದಕ್ಕೆ ವಾಲಿದರು. ಸಂಕೇತ ಬಂದದ್ದು ಬೆನ್ನಿನಿಂದ. ಅವರು ತಪ್ಪಿಸಿಕೊಂಡದ್ದು ಎದುರಿನಿಂದ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಯಂತ್ರ ಇಡೀ ಇಂದ್ರಿಯಾನುಭವವನ್ನು ತಯಾರಿಸಿ ಬಡಿಸಲು ಹೊರಟ ಕಡೆಗಳಲ್ಲಿ ಸೋತಿದೆ. ಬಳಸುವವರ ಮಿದುಳಿಗೆ ಕಲಿಯಲು ಸಾಕಾಗುವಷ್ಟು ಕ್ರಮಬದ್ಧ ಸಂಕೇತವನ್ನು ಕೊಟ್ಟು, ಅದನ್ನು ಅವರೇ ನಿಯಂತ್ರಿಸಲು ಬಿಟ್ಟ ಕಡೆಗಳಲ್ಲಿ ಗೆದ್ದಿದೆ.

ಮನೋಮಾಪನ

ಎರಡನೆಯ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಅಮೆರಿಕದ ಎಂಐಟಿ ಸಂಸ್ಥೆಯ ರೋಸಲಿಂಡ್ ಪಿಕಾರ್ಡ್ 1997ರಲ್ಲಿ ಭಾವನಾತ್ಮಕ ಗಣನೆಯ, ಅಂದರೆ ಕಂಪ್ಯೂಟರಿನಿಂದ ಭಾವನೆಗಳನ್ನು ಗುರುತಿಸುವ ವಿದ್ಯೆಯ, ಕುರಿತು ಗ್ರಂಥ ಬರೆದು ಈ ಕ್ಷೇತ್ರಕ್ಕೆ ಹೆಸರು ಕೊಟ್ಟರು. ಅಂದಿನಿಂದ ಎರಡು ದಾರಿಗಳು ಕವಲೊಡೆದಿವೆ. ಅವುಗಳ ನಡುವಿನ ಅಂತರ ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಮೊದಲ ದಾರಿ ದೇಹದ ಅಳತೆಯದು. ಉದ್ವೇಗವಾದಾಗ ಬೆವರು ಗ್ರಂಥಿಗಳು ಚುರುಕಾಗಿ ಚರ್ಮದ ವಿದ್ಯುದ್ವಾಹಕತೆ ಏರುತ್ತದೆ. ಈ ಅಳತೆ ಉದ್ವೇಗದ ಪ್ರಮಾಣವನ್ನು ಹೇಳುತ್ತದೆ, ಅದು ಹರ್ಷವೋ ಭಯವೋ ಎಂಬುದನ್ನು ಹೇಳಲಾರದು. ಆ ಮಿತಿಯನ್ನು ಒಪ್ಪಿಕೊಂಡಾಗ ಅದರಿಂದ ಎಷ್ಟು ಉಪಕಾರವಾಗಬಹುದು ಎಂಬುದಕ್ಕೆ ಪಿಕಾರ್ಡ್ ಅವರೇ ಹೇಳುವ ಒಂದು ಘಟನೆ ಸಾಕ್ಷಿ. ಅವರ ಪ್ರಯೋಗಾಲಯದ ವಿದ್ಯಾರ್ಥಿಯೊಬ್ಬ ಮಾತನಾಡಲಾಗದ, ಆಟಿಸಂ ಇರುವ ತನ್ನ ತಮ್ಮನ ಒತ್ತಡವನ್ನು ಅರಿಯಲು ರಜೆಯಲ್ಲಿ ಎರಡು ಕೈಪಟ್ಟಿಗಳನ್ನು ಒಯ್ದ. ದಾಖಲೆಯಲ್ಲಿ ಒಂದು ದಿನ ಒಂದೇ ಕೈಯ ರೇಖೆ ಮಾತ್ರ ಅಸಾಧಾರಣ ಎತ್ತರಕ್ಕೆ ಏರಿತ್ತು. ಉಪಕರಣ ಕೆಟ್ಟಿರಬೇಕೆಂಬ ಅನುಮಾನದಿಂದ ವಿಚಾರಿಸಿದಾಗ, ಅದರ ಬೆನ್ನಿಗೇ ಆ ಹುಡುಗನಿಗೆ ತೀವ್ರ ಅಪಸ್ಮಾರ ಬಂದಿತ್ತೆಂದು ತಿಳಿಯಿತು. ಆ ಜಾಡನ್ನು ಹಿಡಿದು ಬೆಳೆದ ‘ಎಂಬ್ರೇಸ್’ ಕೈಗಡಿಯಾರಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆಯಿತು. ಅಪಸ್ಮಾರವನ್ನು ಗುರುತಿಸಿ ಅದು ಪೋಷಕರಿಗೆ ಸೂಚನೆ ಕಳುಹಿಸುತ್ತದೆ.

ಎರಡನೆಯ ದಾರಿ ಮುಖವನ್ನು ನೋಡಿ ಮನಸ್ಸನ್ನು ಹೇಳುವುದು. ಪಾಲ್ ಎಕ್ಮನ್ ಮತ್ತು ವ್ಯಾಲೆಸ್ ಫ್ರೀಸನ್ 1978ರಲ್ಲಿ ಮುಖದ ಸ್ನಾಯುಗಳ ಚಲನೆಗೆ ಸಂಕೇತಪದ್ಧತಿಯನ್ನು ರೂಪಿಸಿದರು. ಚಲನೆಯನ್ನು ಗುರುತಿಸುವ ಮಟ್ಟಿಗೆ ಅದು ಒಳ್ಳೆಯ ಸಾಧನ. ಆದರೆ ಹುಬ್ಬುಗಂಟು ಕಂಡೊಡನೆ ‘ಕೋಪ’ ಎಂದು ಬರೆಯುವ ತಂತ್ರಾಂಶಕ್ಕೆ ಆಧಾರ ಸಾಲದು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಕೋಪಗೊಂಡವರು ಹುಬ್ಬುಗಂಟಿಕ್ಕುವುದು ಸರಾಸರಿ ಶೇಕಡ 30ಕ್ಕಿಂತ ಕಡಿಮೆ ಸಂದರ್ಭಗಳಲ್ಲಿ. ಕೋಪವಿಲ್ಲದೆಯೂ, ಏಕಾಗ್ರತೆಯಲ್ಲಿದ್ದಾಗಲೂ ಜನ ಹುಬ್ಬುಗಂಟಿಕ್ಕುತ್ತಾರೆ. ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಮುಖ ವಿಶ್ಲೇಷಣಾ ಸೇವೆಯಿಂದ ಭಾವನೆಯನ್ನು ಊಹಿಸುವ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯಂತೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಸ್ಥಳಗಳಲ್ಲಿಯೂ ಶಿಕ್ಷಣ ಸಂಸ್ಥೆಗಳಲ್ಲಿಯೂ ಜನರ ಭಾವನೆಯನ್ನು ಯಂತ್ರದಿಂದ ಊಹಿಸುವುದು 2025ರ ಫೆಬ್ರವರಿ 2ರಿಂದ ನಿಷಿದ್ಧ. ಈ ನಿಷೇಧವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ತನ್ನ ಮನಸ್ಸಿನಲ್ಲಿ ಏನಿತ್ತೆಂಬುದರ ಬಗ್ಗೆ ಯಂತ್ರದ ತೀರ್ಪನ್ನು ಅಲ್ಲಗಳೆಯಲು ಒಬ್ಬ ಉದ್ಯೋಗಿಯ ಅಥವಾ ವಿದ್ಯಾರ್ಥಿಯ ಕೈಯಲ್ಲಿ ಯಾವ ಪುರಾವೆ ಇರಲು ಸಾಧ್ಯ?

ಸಮೀಪದೃಷ್ಟಿ

ಮನೋಮಾಪನ ಅವರ ಕೊನೆಯ ಮಾತಿಗೆ ನನ್ನ ಸಹಮತವಿದೆ. ಆದರೆ ಯಂತ್ರಕ್ಕೆ ಭಾವನೆ ಅರ್ಥವಾಗದಿದ್ದರೆ ಅದರಿಂದ ಭಾವನಾತ್ಮಕ ಪ್ರಯೋಜನವೇ ಇಲ್ಲ ಎಂಬ ತೀರ್ಮಾನಕ್ಕೆ ಯಾರೂ ಬರಬಾರದೆಂದು ಕೋರುತ್ತೇನೆ. ಜಪಾನಿನ ತಾಕಾನೋರಿ ಶಿಬಾತಾ ರೂಪಿಸಿದ ‘ಪಾರೋ’ ಎಂಬ ಸೀಲ್ ಮರಿಯ ರೂಪದ ರೋಬೋ, ಸವರಿದರೆ ಕಣ್ಣು ಮುಚ್ಚಿ ತೆರೆಯುತ್ತದೆ, ದನಿಗೆ ತಲೆ ತಿರುಗಿಸುತ್ತದೆ. ಮರೆಗುಳಿತನವಿರುವ ವೃದ್ಧರ ಆರೈಕೆಯಲ್ಲಿ ಅದು ಬಳಕೆಯಲ್ಲಿದೆ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 415 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಪಾರೋ, ಇನ್ನೊಂದಕ್ಕೆ ಯಂತ್ರಭಾಗವನ್ನು ನಿಷ್ಕ್ರಿಯಗೊಳಿಸಿದ ಅದೇ ಗೊಂಬೆ, ಮೂರನೆಯದಕ್ಕೆ ಎಂದಿನ ಆರೈಕೆ ನೀಡಲಾಯಿತು. ಎಂದಿನ ಆರೈಕೆಗಿಂತ ಪಾರೋ ಹೆಚ್ಚು ಸಂತೋಷ ತಂದಿತು. ನಿಷ್ಕ್ರಿಯ ಗೊಂಬೆಗಿಂತ ಅದರೊಡನೆ ವೃದ್ಧರು ಹೆಚ್ಚು ಮಾತನಾಡಿದರು, ಹೆಚ್ಚು ನೋಡಿದರು. ಬಳಸುವವರ ನೆಮ್ಮದಿ ಸುಳ್ಳಲ್ಲ.

ಮನೋಮಾಪನ

ನೆಮ್ಮದಿ ಸುಳ್ಳೆಂದು ನಾನು ಹೇಳುವುದಿಲ್ಲ. ನೀವೇ ಉಲ್ಲೇಖಿಸಿದ ಅಧ್ಯಯನದಲ್ಲಿ ನಿಷ್ಕ್ರಿಯ ಗೊಂಬೆಯೂ ಎಂದಿನ ಆರೈಕೆಗಿಂತ ಕೆಲವು ಅಂಶಗಳಲ್ಲಿ ಮೇಲಾಗಿತ್ತು ಎಂಬುದನ್ನೂ ಸೇರಿಸಬೇಕು. ಭಾವ ಹುಟ್ಟುವುದು ಮುಟ್ಟಿದವರಲ್ಲೇ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಬರೆದ ‘ಎಲೈಜಾ’ ಎಂಬ ಸರಳ ಸಂಭಾಷಣಾ ಕಾರ್ಯಕ್ರಮ ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅದು ಹೇಗೆ ರೂಪುಗೊಂಡಿತೆಂದು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಸ್ವಲ್ಪ ಮಾತನಾಡಿದ ಮೇಲೆ, ತಮ್ಮನ್ನು ಏಕಾಂತದಲ್ಲಿ ಬಿಡಿ ಎಂದು ಕೇಳಿಕೊಂಡರು. ಪಾರೋ ತನ್ನನ್ನು ಸವರಿದವರ ಬಗ್ಗೆ ಯಾರಿಗೂ ವರದಿ ಒಪ್ಪಿಸುವುದಿಲ್ಲ. ಇಂದಿನ ಸಂಭಾಷಣಾ ಸೇವೆಗಳಲ್ಲಿ ಆಡಿದ ಮಾತು ಬೇರೆಯವರ ಸರ್ವರ್‌ನಲ್ಲಿ ಉಳಿಯುತ್ತದೆ. ನನ್ನ ಆತಂಕ ಇರುವುದು ಅಲ್ಲಿ.

ಇಂದ್ರಿಯಾಸಕ್ತ

ಎಲ್ಲರಿಗೂ ಕೃತಜ್ಞತೆಗಳು. ಶ್ರವಣತಜ್ಞೆಯವರ ಮಾತೂ ಮನೋಮಾಪನ ಅವರ ಮಾತೂ ಕೂಡುವ ಒಂದು ಉದಾಹರಣೆ ನನಗೆ ಕಾಣುತ್ತಿದೆ. 2005ರಲ್ಲಿ, 30ರ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಆನ್ ಎಂಬ ಮಹಿಳೆಯ ಮಿದುಳಿನ ಮೇಲ್ಮೈಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದ ತಂಡ 253 ವಿದ್ಯುದ್ವಾರಗಳ ತೆಳು ಹಾಳೆಯನ್ನು ಇರಿಸಿತು. 2023ರಲ್ಲಿ ಪ್ರಕಟವಾದಂತೆ, ಅವರು ಮಾತನಾಡಲು ಯತ್ನಿಸಿದಾಗ ಹುಟ್ಟುವ ಸಂಕೇತಗಳಿಂದ ನಿಮಿಷಕ್ಕೆ ಸುಮಾರು 78 ಪದಗಳು ಮೂಡಿದವು. ಧ್ವನಿಯನ್ನು ಅವರ ಮದುವೆಯ ದಿನದ ಮುದ್ರಣದಿಂದ ರೂಪಿಸಲಾಗಿತ್ತು. ಪರದೆಯ ಮೇಲಿನ ಮುಖಕ್ಕೆ ಸಂತೋಷ, ದುಃಖ, ಆಶ್ಚರ್ಯಗಳ ಭಾವವನ್ನೂ ಅವರ ಪ್ರಯತ್ನವೇ ತಂದಿತು. ಇಲ್ಲಿ ಯಂತ್ರ ಅವರ ಮುಖವನ್ನು ನೋಡಿ ಊಹಿಸಲಿಲ್ಲ. ಅವರು ತೋರಿಸಬೇಕೆಂದುಕೊಂಡದ್ದನ್ನು ತೋರಿಸಿತು. ಭಾವನೆಯನ್ನು ಡಿಜಿಟಲ್ ಆಗಿಸುವ ಸರಿಯಾದ ರೀತಿ ಇದೆಂದು ನನಗೆ ಅನಿಸುತ್ತದೆ.

ಒಂದು ಕೊನೆಯ ಪ್ರಶ್ನೆ. ದೇಹದೊಳಗೆ ಇರಿಸಿದ ಇಂತಹ ಸಾಧನವನ್ನು ತಯಾರಿಸಿದ ಕಂಪನಿಯೇ ಮುಚ್ಚಿಹೋದರೆ ಬಳಸುವವರ ಗತಿಯೇನು?

ಶ್ರವಣತಜ್ಞೆ

ಹಾಗಾಗಿರುವುದು ಉಂಟು. 60 ವಿದ್ಯುದ್ವಾರಗಳ ‘ಆರ್ಗಸ್ 2’ ಎಂಬ ಕೃತಕ ಅಕ್ಷಿಪಟಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆತು, ಜಗತ್ತಿನಾದ್ಯಂತ ಸುಮಾರು 350 ಮಂದಿಗೆ ಅಳವಡಿಸಲಾಗಿತ್ತು. ತಯಾರಕರಾದ ಸೆಕೆಂಡ್ ಸೈಟ್ ಕಂಪನಿ ಅದರ ಉತ್ಪಾದನೆಯನ್ನು ನಿಲ್ಲಿಸಿ 2020ರಲ್ಲಿ ಬಹುತೇಕ ನೌಕರರನ್ನು ಕೈಬಿಟ್ಟಾಗ, ಬಳಸುತ್ತಿದ್ದವರಿಗೆ ದುರಸ್ತಿಯ ದಾರಿಯೇ ಇಲ್ಲವಾಯಿತು.

ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಈ ಅಪಾಯ ಕಡಿಮೆಯಿರುವುದಕ್ಕೆ ವಿನ್ಯಾಸವೂ ಒಂದು ಕಾರಣ. ಚರ್ಮದ ಕೆಳಗಿನ ಭಾಗದಲ್ಲಿ ಬ್ಯಾಟರಿ ಇರುವುದಿಲ್ಲ. ಕಿವಿಯ ಹಿಂದೆ ಧರಿಸುವ, ಶಬ್ದವನ್ನು ಸಂಕೇತವಾಗಿ ಬದಲಿಸುವ ಸಂಸ್ಕಾರಕವು (ಪ್ರೊಸೆಸರ್) ಸುರುಳಿಯ ಮೂಲಕ ಸಂಕೇತವನ್ನೂ ವಿದ್ಯುತ್ತನ್ನೂ ಒಳಕ್ಕೆ ಕಳುಹಿಸುತ್ತದೆ. ಹೀಗಾಗಿ ಹಲವು ವರ್ಷಗಳ ಹಿಂದೆ ಅಳವಡಿಸಿದ ಒಳಭಾಗಕ್ಕೆ ಶಸ್ತ್ರಚಿಕಿತ್ಸೆಯಿಲ್ಲದೆ ಹೊಸ ಸಂಸ್ಕಾರಕವನ್ನು ಜೋಡಿಸಬಹುದು. ಆದರೂ ಒಂದು ತಯಾರಕರ ಒಳಭಾಗಕ್ಕೆ ಇನ್ನೊಬ್ಬರ ಹೊರಭಾಗ ಹೊಂದುವುದಿಲ್ಲ. ಅಳವಡಿಸುವ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ, ಹಿಂದಿನ ತಲೆಮಾರಿನ ಒಳಭಾಗಗಳಿಗೆ ಈ ತಯಾರಕರು ಈಗಲೂ ಹೊಸ ಸಂಸ್ಕಾರಕ ಒದಗಿಸುತ್ತಿದ್ದಾರೆಯೇ ಎಂಬುದನ್ನು ತಪ್ಪದೆ ಸೇರಿಸಿಕೊಳ್ಳಿ.